ಮೇಲಿನ ದವಡೆಗೆ ಸೆಟ್ಟು, ಕೆಳಗಿನ ದವಡೆಗೆ ಎರಡು ಇಂಪ್ಲಾಂಟ್: ಬಳಸಿ ನೋಡಿದ ಮೇಲಿನ ವಿಮರ್ಶೆ

ನನ್ನ ಬಾಯಲ್ಲಿ ಈಗ ಸ್ವಂತದ ಹಲ್ಲು ಒಂದೂ ಉಳಿದಿಲ್ಲ. ಮೇಲಿನ ದವಡೆಗೆ ತೆಗೆದು ಹಾಕುವಂಥ ಸಾಮಾನ್ಯ ಪೂರ್ಣ ಸೆಟ್ಟು ಇದೆ. ಕೆಳಗಿನ ದವಡೆಗೆ, ಮೂಳೆಯಲ್ಲಿ ನೆಟ್ಟ ಎರಡು ಇಂಪ್ಲಾಂಟುಗಳ, ಅಂದರೆ ಲೋಹದ ಸಣ್ಣ ತಿರುಪುಗಳ, ಮೇಲೆ ಪ್ರೆಸ್ ಬಟನ್ನಿನಂತೆ ಕೂರುವ ಸೆಟ್ಟು ಇದೆ. ಮೊದಲನೆಯದನ್ನು 2022ರ ಮೇ ತಿಂಗಳಿನಿಂದಲೂ ಎರಡನೆಯದನ್ನು 2023ರ ಜುಲೈ ತಿಂಗಳಿನಿಂದಲೂ ಬಳಸುತ್ತಿದ್ದೇನೆ. ಹಲ್ಲು ಕಟ್ಟಿಸಿಕೊಳ್ಳಬೇಕೆಂದು ಬೆಂಗಳೂರಿನಲ್ಲಿ ನಾಲ್ಕು ಕಡೆ ವಿಚಾರಿಸಿದಾಗ ನನಗೆ ಸಿಕ್ಕ ಸಲಹೆಗಳೆಲ್ಲ ‘ಸೆಟ್ಟು ಸಾಕು’ ಅಥವಾ ‘ಇಂಪ್ಲಾಂಟೇ ಬೇಕು’ ಎಂಬ ಎರಡು ತುದಿಗಳಲ್ಲಿದ್ದವು. ಮೇಲಿನ ದವಡೆಯ ಕಷ್ಟವೇ ಬೇರೆ, ಕೆಳಗಿನ ದವಡೆಯ ಕಷ್ಟವೇ ಬೇರೆ, ಆದ್ದರಿಂದ ಪ್ರಶ್ನೆಯನ್ನು ಒಂದೊಂದು ದವಡೆಗೂ ಪ್ರತ್ಯೇಕವಾಗಿ ಕೇಳಿಕೊಳ್ಳಬೇಕು ಎಂದು ನನಗೆ ಮೊದಲು ಯಾರೂ ಹೇಳಲಿಲ್ಲ. ಅದನ್ನು ಹೇಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನಾನು ಮೂವತ್ತೆಂಟು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳಿದವನು. ಈಗ ಬನಶಂಕರಿಯಲ್ಲಿ ವಾಸವಾಗಿದ್ದೇನೆ. ಮಧುಮೇಹವಿದೆ. ವಸಡಿನ ರೋಗದಿಂದ ಹಲ್ಲುಗಳು ಒಂದೊಂದಾಗಿ ಸಡಿಲಗೊಂಡು, ಉಳಿದಿದ್ದ ಕೊನೆಯ ಆರನ್ನು 2022ರ ಫೆಬ್ರವರಿಯಲ್ಲಿ ಕೀಳಿಸಿದ್ದಾಯಿತು. ಹಲ್ಲಿಲ್ಲದ ಮೂರು ತಿಂಗಳಲ್ಲಿ ನಾನು ಮನೆಯಿಂದ ಹೊರಗೆ ಬಂದದ್ದೇ ಕಡಿಮೆ. ಮಾತಾಡಿ ಬದುಕಿದವನಿಗೆ ಮಾತೇ ಅಸ್ಪಷ್ಟವಾದಾಗ ಆಗುವ ಸಂಕಟ, ಊಟ ಮಾಡಲಾಗದ ಸಂಕಟಕ್ಕಿಂತ ದೊಡ್ಡದು.

ಮೊದಲು ಹೋದದ್ದು ಮುಖ್ಯರಸ್ತೆಯಲ್ಲಿರುವ ಒಂದು ದೊಡ್ಡ ಖಾಸಗಿ ಚಿಕಿತ್ಸಾಲಯಕ್ಕೆ. ಅದರ ಹೆಸರು ಹೇಳುವುದಿಲ್ಲ, ಆದರೆ ಅಲ್ಲಿ ನಡೆದದ್ದನ್ನು ಹೇಳಲೇಬೇಕು. ವೈದ್ಯರು ಬಾಯಿ ನೋಡಿದ್ದು ಐದು ನಿಮಿಷ. ಅನಂತರದ ಅರ್ಧ ಗಂಟೆ ಮಾತಾಡಿದವರು ಹಣಕಾಸಿನ ಲೆಕ್ಕ ನೋಡಿಕೊಳ್ಳುವ ಸಿಬ್ಬಂದಿ. ಎರಡೂ ದವಡೆಗೆ ನಾಲ್ಕು ನಾಲ್ಕು ಇಂಪ್ಲಾಂಟ್ ಹಾಕಿ ಕದಲದ ಹಲ್ಲುಗಳನ್ನು ಕೂರಿಸುತ್ತೇವೆ, ಒಟ್ಟು ಐದೂವರೆ ಲಕ್ಷ ರೂಪಾಯಿ, ಇವತ್ತೇ ಮುಂಗಡ ಕೊಟ್ಟರೆ ಐವತ್ತು ಸಾವಿರ ರಿಯಾಯಿತಿ, ಉಳಿದದ್ದಕ್ಕೆ ಕಂತು ಎಂದರು. ನನಗೆ ಸಕ್ಕರೆ ಕಾಯಿಲೆ ಇದೆಯೇ ಎಂದು ಕೇಳಿದರೇ ಹೊರತು ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಎಷ್ಟಿದೆ ಎಂದು ಯಾರೂ ಕೇಳಲಿಲ್ಲ. ಆಗ ಅದು 8.6 ಇತ್ತು. ಶಸ್ತ್ರಚಿಕಿತ್ಸೆಗೆ ಅದು ತಕ್ಕ ಸಮಯವಾಗಿರಲಿಲ್ಲ ಎಂಬುದು ನನಗೆ ಗೊತ್ತಾದದ್ದು ಆಮೇಲೆ, ಬೇರೆಯವರಿಂದ. ಸಂಪೂರ್ಣ ಇಂಪ್ಲಾಂಟ್ ಚಿಕಿತ್ಸೆ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಮೂಳೆ ಚೆನ್ನಾಗಿದ್ದು, ಹಣವೂ ಆರೋಗ್ಯವೂ ಒದಗಿದವರಿಗೆ ಅದು ನಿಜವಾಗಿಯೂ ಉತ್ತಮ ಚಿಕಿತ್ಸೆಯೇ. ಆದರೆ ಸ್ಕ್ಯಾನ್ ಮಾಡುವ ಮೊದಲೇ ಬೆಲೆ ಹೇಳುವ ಸ್ಥಳದಲ್ಲಿ ಅದನ್ನು ಮಾಡಿಸಿಕೊಳ್ಳಬಾರದು.

ಕೊನೆಗೆ ನಾನು ನೆಚ್ಚಿಕೊಂಡದ್ದು ನಗರದ ದಂತ ವೈದ್ಯಕೀಯ ಕಾಲೇಜೊಂದರ ಕೃತಕ ದಂತ ವಿಭಾಗವನ್ನು. ಅಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರಾಧ್ಯಾಪಕರ ಕಣ್ಗಾವಲಿನಲ್ಲಿ ಕೆಲಸ ಮಾಡುತ್ತಾರೆ. ಸಮಯ ಬಹಳ ಹಿಡಿಯುತ್ತದೆ; ಬೆಳಿಗ್ಗೆ ಒಂಬತ್ತಕ್ಕೆ ಚೀಟಿ ಮಾಡಿಸಿದರೆ ಹೊರಬರುವಾಗ ಎಷ್ಟೋ ಸಲ ಮಧ್ಯಾಹ್ನ ಒಂದಾಗಿರುತ್ತಿತ್ತು. ಖಾಸಗಿಯಲ್ಲಿ ಎರಡು ದವಡೆಯ ಸೆಟ್ಟಿಗೆ ಇಪ್ಪತ್ತೆಂಟು ಸಾವಿರ ಕೇಳಿದ್ದರು, ಇಲ್ಲಿ ಒಂಬತ್ತು ಸಾವಿರದಲ್ಲಿ ಆಯಿತು. ಹಣಕ್ಕಿಂತ ನನಗೆ ಮುಖ್ಯವಾದದ್ದು ಅವರು ಕೆಲಸ ಮಾಡಿದ ಕ್ರಮ. ಮೊದಲ ಭೇಟಿಯಲ್ಲಿ ಒಂದು ಒರಟು ಅಚ್ಚು ತೆಗೆದು, ಅದರಿಂದ ನನ್ನ ದವಡೆಗೆಂದೇ ಒಂದು ತಟ್ಟೆ ತಯಾರಿಸಿದರು. ಎರಡನೆಯ ಭೇಟಿಯಲ್ಲಿ ಹಸಿರು ಬಣ್ಣದ ಕಡ್ಡಿಯೊಂದನ್ನು ದೀಪದ ಉರಿಯಲ್ಲಿ ಮೆತ್ತಗೆ ಮಾಡಿ ಆ ತಟ್ಟೆಯ ಅಂಚಿಗೆ ಹಚ್ಚಿ, ಬಾಯಲ್ಲಿಟ್ಟು, ಕೆನ್ನೆಯನ್ನೂ ತುಟಿಯನ್ನೂ ಹಿಡಿದು ನಾನಾ ಕಡೆಗೆ ಎಳೆದರು. ಮಾತಾಡುವಾಗ, ನಗುವಾಗ, ನುಂಗುವಾಗ ಸ್ನಾಯು ಎಲ್ಲಿಯವರೆಗೆ ಚಲಿಸುತ್ತದೆಯೋ ಅಲ್ಲಿಗೆ ಸರಿಯಾಗಿ ಸೆಟ್ಟಿನ ಅಂಚು ನಿಲ್ಲಬೇಕಂತೆ. ಆಮೇಲೆ ಲವಂಗದೆಣ್ಣೆಯ ಘಾಟು ಹೊಡೆಯುವ ಒಂದು ಲೇಪನದಿಂದ ಅಂತಿಮ ಅಚ್ಚು. ಮೂರನೆಯ ಭೇಟಿಯಲ್ಲಿ ಮೇಣದ ದಿಂಡುಗಳನ್ನಿಟ್ಟು ಎರಡು ದವಡೆ ಹೇಗೆ ಸೇರುತ್ತವೆ ಎಂದು ಅಳೆದರು. ನಾಲ್ಕನೆಯದರಲ್ಲಿ ಮೇಣದ ಮೇಲೆ ಹಲ್ಲು ಜೋಡಿಸಿ ತೊಡಿಸಿ ನೋಡಿದರು. ಅಕ್ರಿಲಿಕ್‌ನಲ್ಲಿ ಬೇಯಿಸಿದ ಸೆಟ್ಟು ಕೈಗೆ ಬಂದದ್ದು ಐದನೆಯ ಭೇಟಿಯಲ್ಲಿ. ಒಂದೇ ಅಚ್ಚು ತೆಗೆದು ಎರಡು ದಿನದಲ್ಲಿ ಸೆಟ್ಟು ಕೊಡುತ್ತೇವೆ ಎನ್ನುವವರು ಈ ಹಂತಗಳಲ್ಲಿ ಯಾವುದನ್ನು ಬಿಡುತ್ತಾರೆ ಎಂದು ಕೇಳಿ ನೋಡಬೇಕು.

ನಾಲ್ಕನೆಯ ಭೇಟಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ. ಉಚ್ಚಾರಣೆ ಪರೀಕ್ಷಿಸಲು ವಿದ್ಯಾರ್ಥಿನಿ ಇಂಗ್ಲಿಷಿನಲ್ಲಿ ಐವತ್ತರಿಂದ ಎಪ್ಪತ್ತರವರೆಗೆ ಎಣಿಸಲು ಹೇಳಿದಳು. ನಾನು ದಿನವಿಡೀ ಆಡುವುದು ಕನ್ನಡ, ಪರೀಕ್ಷೆಯೂ ಕನ್ನಡದಲ್ಲೇ ಆಗಲಿ ಎಂದು ಕೇಳಿಕೊಂಡೆ. ತ, ಥ, ದ, ಧ, ನ, ಲ, ಸ ಇವು ದಂತ್ಯಗಳು, ನಾಲಿಗೆಯ ತುದಿ ಮೇಲಿನ ಹಲ್ಲಿನ ಹಿಂಬದಿಗೆ ತಾಗಿದಾಗ ಹುಟ್ಟುವ ಅಕ್ಷರಗಳು ಎಂದು ಎಷ್ಟೋ ತರಗತಿಗಳಿಗೆ ಹೇಳಿದವನು ನಾನು. ಹಲ್ಲನ್ನು ಅರ್ಧ ಮಿಲಿಮೀಟರ್ ಹಿಂದೆ ಮುಂದೆ ಇಟ್ಟರೆ ಆ ಅಕ್ಷರಗಳಿಗೆ ಏನಾಗುತ್ತದೆ ಎಂಬುದನ್ನು ಆ ದಿನ ನನ್ನ ಬಾಯಲ್ಲೇ ಕಂಡೆ. ‘ತಂದೆ’, ‘ನದಿ’ ಸರಿಯಾಗಿಯೇ ಬಂದವು. ‘ಸಾಸಿವೆ’ ಎಂದಾಗ ಎರಡು ಸಕಾರದಲ್ಲೂ ಶಿಳ್ಳೆ ಕೇಳಿಸಿತು. ಅವಳು ಸೆಟ್ಟನ್ನು ಹೊರತೆಗೆದು, ಮುಂಹಲ್ಲುಗಳ ಹಿಂದಿನ ಮೇಣವನ್ನು ಬಿಸಿ ಚಾಕುವಿನಿಂದ ತಿದ್ದಿ ಮತ್ತೆ ತೊಡಿಸಿದಳು. ಮತ್ತೆ ‘ಸಾಸಿವೆ’, ಮತ್ತೆ ತಿದ್ದುಪಡಿ. ನಾಲ್ಕನೆಯ ಸಲಕ್ಕೆ ಶಿಳ್ಳೆ ನಿಂತಿತು. ಮೇಣದ ಹಂತದಲ್ಲಿ ಹತ್ತು ನಿಮಿಷದಲ್ಲಿ ಮುಗಿಯುವ ಈ ಕೆಲಸ ಅಕ್ರಿಲಿಕ್ ಆದ ಮೇಲೆ ಇಷ್ಟು ಸುಲಭವಲ್ಲ. ಹಲ್ಲು ಕಟ್ಟಿಸಿಕೊಳ್ಳುವ ಪ್ರತಿಯೊಬ್ಬರೂ ಆ ದಿನ ನಾಚಿಕೊಳ್ಳದೆ ಗಟ್ಟಿಯಾಗಿ, ತಮ್ಮ ಮಾತಿನಲ್ಲೇ ಮಾತಾಡಿ ನೋಡಬೇಕೆಂದು ನನ್ನ ವಿನಂತಿ.

ಮೇಲಿನ ಸೆಟ್ಟಿನ ಬಗ್ಗೆ ನನ್ನ ತೀರ್ಪು ಸ್ಪಷ್ಟವಾಗಿದೆ: ಮೊದಲ ಎರಡು ವಾರ ವಾಕರಿಕೆ ಬಂದಂತಾಗುತ್ತಿತ್ತು, ಊಟದ ಬಿಸಿ ಅಂಗುಳಕ್ಕೆ ತಿಳಿಯುತ್ತಿರಲಿಲ್ಲ, ರುಚಿಯೂ ಮಂಕಾದಂತೆನಿಸಿತ್ತು, ಆಮೇಲೆ ಅದು ಬಾಯಲ್ಲಿದೆ ಎಂಬ ಪರಿವೆಯೇ ಕಡಿಮೆಯಾಯಿತು. ಅಂಗುಳವನ್ನೆಲ್ಲ ಆವರಿಸಿಕೊಳ್ಳುವ ಆ ತಟ್ಟೆಯ ಕೆಳಗೆ ಜೊಲ್ಲಿನ ತೆಳುವಾದ ಪದರವೊಂದು ನಿಂತು, ಒದ್ದೆಯಾದ ಎರಡು ಗಾಜಿನ ಹಲಗೆಗಳು ಒಂದಕ್ಕೊಂದು ಅಂಟಿಕೊಳ್ಳುವಂತೆ, ಸೆಟ್ಟನ್ನು ಹಿಡಿದಿಡುತ್ತದೆ. ಯಾವ ಅಂಟುಪುಡಿಯೂ ಇಲ್ಲದೆ ನಾನು ಒಂದು ಗಂಟೆ ಭಾಷಣ ಮಾಡಿದ್ದೇನೆ. ಈ ದವಡೆಗೆ ಎರಡೂಮುಕ್ಕಾಲು ಲಕ್ಷ ಖರ್ಚು ಮಾಡಿದ್ದರೆ ನನಗೆ ಹೆಚ್ಚೇನು ದೊರೆಯುತ್ತಿತ್ತು ಎಂದು ಯೋಚಿಸಿದರೆ, ಅಂಗುಳ ಬರಿದಾಗಿರುವ ಸುಖ ಮತ್ತು ರಾತ್ರಿ ತೆಗೆದಿಡುವ ಕೆಲಸ ತಪ್ಪುವುದು, ಅಷ್ಟೇ ಎನಿಸುತ್ತದೆ.

ಕೆಳಗಿನ ಸೆಟ್ಟಿನ ಮಾತೇ ಬೇರೆ. ಅದೇ ಕೈಗಳು, ಅದೇ ಶ್ರದ್ಧೆಯಿಂದ ಮಾಡಿದ ಸೆಟ್ಟು ಅದು. ಆದರೂ ಒಂದು ವರ್ಷ ಪೂರ್ತಿ ನನ್ನನ್ನು ಕಾಡಿತು. ಕೆಳದವಡೆಯಲ್ಲಿ ಅಂಗುಳವಿಲ್ಲ, ಕುದುರೆಯ ಲಾಳದ ಆಕಾರದ ಕಿರಿದಾದ ದಿಣ್ಣೆಯಷ್ಟೇ ಇದೆ; ಮೇಲಿನ ದವಡೆಗೆ ಹೋಲಿಸಿದರೆ ಸೆಟ್ಟಿಗೆ ಸಿಗುವ ಆಸರೆ ಸುಮಾರು ಅರ್ಧ. ಮಧ್ಯದಲ್ಲಿ ಸದಾ ಆಡುವ ನಾಲಿಗೆ ಬೇರೆ. ಮೂರು ಸಲ ಒಳ ಅಂಚಿನಲ್ಲಿ ಹುಣ್ಣಾಗಿ, ಮೂರು ಸಲ ಹೋಗಿ ಉಜ್ಜಿಸಿಕೊಂಡು ಬಂದೆ. ರಾಗಿ ಮುದ್ದೆಗೆ ತೊಂದರೆಯಿರಲಿಲ್ಲ, ಅದನ್ನು ನಾವು ಅಗಿಯುವುದಿಲ್ಲ, ನುಂಗುತ್ತೇವೆ. ಚಪಾತಿ ಎಂದರೆ ಯುದ್ಧವಾಗುತ್ತಿತ್ತು: ಎಡಗಡೆಯಿಂದ ಅಗಿದರೆ ಬಲಗಡೆ ಏಳುತ್ತಿತ್ತು. ಆ ವರ್ಷದ ನವೆಂಬರಿನಲ್ಲಿ, ಕಾರ್ತಿಕದ ಕೊನೆಯ ಸೋಮವಾರ, ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೆಂಡತಿಯೊಡನೆ ಹೋಗಿದ್ದೆ. ಹುರಿದ ಕಾಯಿ ಬೇಡವೆಂದು ಬೇಯಿಸಿದ್ದನ್ನೇ ಕೊಂಡೆವು. ಎರಡನೆಯ ಕಾಯಿಗೇ ಒಂದು ಚೂರು ಕೆಳಗಿನ ಸೆಟ್ಟಿನಡಿ ಸೇರಿತು. ಚಪ್ಪಲಿಯೊಳಗೆ ಹೊಕ್ಕ ಕಲ್ಲಿನ ಮೇಲೆ ಇಡೀ ಮೈಭಾರ ಬಿದ್ದಂತಾಯಿತು. ಆ ಜನಸಂದಣಿಯಲ್ಲಿ ಗೋಡೆಯತ್ತ ತಿರುಗಿ, ಕರವಸ್ತ್ರ ಮರೆಮಾಡಿ ಸೆಟ್ಟು ತೆಗೆದು ಒರೆಸಬೇಕಾಯಿತು. ಉಳಿದ ಕಾಯಿಯನ್ನು ಮೊಮ್ಮಗನಿಗೆ ಕೊಟ್ಟೆ. ಅವರೆಕಾಳಿನ ಕಾಲದಲ್ಲಿ ಹಿಸುಕಿದ ಬೇಳೆಯನ್ನಷ್ಟೇ ತಿಂದೆ, ಸಿಪ್ಪೆ ಇರುವುದನ್ನು ಮುಟ್ಟಲಿಲ್ಲ.

ಜನವರಿಯಲ್ಲಿ ಪ್ರಾಧ್ಯಾಪಕರ ಬಳಿ ಹೇಳಿಕೊಂಡಾಗ ಅವರು ಕಾರಣವನ್ನು ಬಿಡಿಸಿ ಹೇಳಿದರು. ಹಲ್ಲಿನ ಬೇರು ಇರುವವರೆಗೆ ಮಾತ್ರ ದವಡೆಯ ಮೂಳೆಗೆ ಅಗಿಯುವ ಕೆಲಸದ ಪ್ರಚೋದನೆ ಸಿಗುತ್ತದೆ. ಬೇರು ಹೋದ ಮೊದಲ ವರ್ಷದಲ್ಲೇ ಆ ಜಾಗದ ಮೂಳೆಯ ಅಗಲ ಅರ್ಧದಷ್ಟು ಕರಗಬಹುದು, ಅನಂತರವೂ ನಿಧಾನವಾಗಿ ಕರಗುತ್ತಲೇ ಇರುತ್ತದೆ. ವರ್ಷಗಳು ಕಳೆದಂತೆ ಕೆಳದವಡೆ ಮೇಲ್ದವಡೆಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ಸವೆಯುತ್ತದೆ ಎಂದು 1972ರಷ್ಟು ಹಿಂದೆಯೇ ಪ್ರಕಟವಾದ ದೀರ್ಘಾವಧಿಯ ಅಧ್ಯಯನವೊಂದು ತೋರಿಸಿದೆ. ಅಂದರೆ ಇವತ್ತು ಸಡಿಲವಾಗಿರುವ ಸೆಟ್ಟು ಮುಂದಿನ ವರ್ಷ ಇನ್ನಷ್ಟು ಸಡಿಲವಾಗುತ್ತದೆ. 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ ತಜ್ಞರು, ಹಲ್ಲೇ ಇಲ್ಲದ ಕೆಳದವಡೆಗೆ ಎರಡು ಇಂಪ್ಲಾಂಟುಗಳ ಮೇಲೆ ಕೂರುವ ಸೆಟ್ಟೇ ಮೊದಲ ಆಯ್ಕೆಯಾಗಬೇಕು ಎಂಬ ಒಮ್ಮತದ ಹೇಳಿಕೆ ಹೊರಡಿಸಿದ್ದರಂತೆ. ಇದನ್ನು ಕೇಳಿದಾಗ ನನಗೆ ಸಮಾಧಾನವಾಯಿತು, ಜೊತೆಗೆ ಬೇಸರವೂ ಆಯಿತು. ಇಪ್ಪತ್ತು ವರ್ಷ ಹಳೆಯದಾದ, ನಡುದಾರಿಯ ಈ ಸಲಹೆಯನ್ನು ಐದೂವರೆ ಲಕ್ಷದ ಲೆಕ್ಕ ಒಪ್ಪಿಸಿದವರೂ ಹೇಳಲಿಲ್ಲ, ‘ಈ ವಯಸ್ಸಿಗೆ ಸೆಟ್ಟೇ ಸಾಕು ಮೇಷ್ಟ್ರೇ’ ಎಂದವರೂ ಹೇಳಲಿಲ್ಲ.

ಇಂಪ್ಲಾಂಟ್ ಎಂದರೆ ಟೈಟೇನಿಯಂ ಲೋಹದ ಸಣ್ಣ ತಿರುಪು. ನನಗೆ ಹಾಕಿದ್ದು 3.75 ಮಿಲಿಮೀಟರ್ ದಪ್ಪ, 11.5 ಮಿಲಿಮೀಟರ್ ಉದ್ದದ್ದು. 1952ರಲ್ಲಿ ಸ್ವೀಡನ್ನಿನ ಬ್ರೋನೆಮಾರ್ಕ್ ಎಂಬ ವಿಜ್ಞಾನಿ ಮೊಲದ ಕಾಲಿನ ಮೂಳೆಯಲ್ಲಿ ರಕ್ತ ಸಂಚಾರ ನೋಡಲೆಂದು ಇಟ್ಟಿದ್ದ ಟೈಟೇನಿಯಂ ಕೊಳವೆಯನ್ನು ಹೊರತೆಗೆಯಲು ಹೋದಾಗ, ಮೂಳೆ ಅದನ್ನು ಬಿಗಿಯಾಗಿ ಕಚ್ಚಿ ಹಿಡಿದಿದ್ದುದನ್ನು ಕಂಡರು. 1965ರಲ್ಲಿ ಅವರು ಚಿಕಿತ್ಸೆ ನೀಡಿದ ಮೊದಲ ರೋಗಿ ಗೋಸ್ಟಾ ಲಾರ್ಸನ್, ಆ ಇಂಪ್ಲಾಂಟುಗಳನ್ನು 2006ರಲ್ಲಿ ತೀರಿಕೊಳ್ಳುವವರೆಗೂ ಬಳಸಿದರು. ನನಗೆ ಈ ಕಥೆ ಧೈರ್ಯ ಕೊಟ್ಟಿತು. ಲಾರ್ಸನ್ ಅವರ ಚಿಕಿತ್ಸೆಯೂ ಕೆಳದವಡೆಯದೇ ಆಗಿತ್ತು.

ಸಕ್ಕರೆಯನ್ನು 7.1ಕ್ಕೆ ಇಳಿಸಿಕೊಂಡ ಮೇಲೆ, 2023ರ ಮಾರ್ಚಿನಲ್ಲಿ, ಮೂರು ಆಯಾಮದ ಸ್ಕ್ಯಾನ್ ತೆಗೆದು ಕೆಲಸ ಮಾಡಿದರು. ಕೋರೆಹಲ್ಲುಗಳಿದ್ದ ಎರಡು ಜಾಗಗಳನ್ನೇ ಆರಿಸಿಕೊಳ್ಳಲು ಕಾರಣವಿದೆ: ಕೆಳತುಟಿಗೆ ಸ್ಪರ್ಶ ಕೊಡುವ ನರ ದವಡೆಯ ಹಿಂಭಾಗದೊಳಗೆ ಸಾಗಿ, ಕೋರೆಹಲ್ಲಿಗಿಂತ ಸ್ವಲ್ಪ ಹಿಂದೆ ಹೊರಬರುತ್ತದೆ, ಅದರ ಮುಂದಿನ ಭಾಗದಲ್ಲಿ ಮೂಳೆಯೂ ಗಟ್ಟಿ, ಅಪಾಯವೂ ಕಡಿಮೆ. ಅರಿವಳಿಕೆಯ ಸೂಜಿಯ ನೋವು ಬಿಟ್ಟರೆ ಮತ್ತೇನೂ ನೋವಾಗಲಿಲ್ಲ. ಮೂಳೆ ಕಾಯದಂತೆ ಉಪ್ಪುನೀರು ಸುರಿಯುತ್ತ, ನಿಧಾನಗತಿಯಲ್ಲಿ ಕೊರೆಯುತ್ತಾರೆ. ಹೆಚ್ಚು ಬಿಸಿಯಾದರೆ ಮೂಳೆಯ ಜೀವಕೋಶಗಳು ಸತ್ತು ಇಂಪ್ಲಾಂಟ್ ನಿಲ್ಲುವುದಿಲ್ಲ. ಎರಡು ದಿನ ಗದ್ದ ಊದಿಕೊಂಡಿತ್ತು. ಎರಡು ವಾರ ಕೆಳಗಿನ ಸೆಟ್ಟು ಹಾಕಲಿಲ್ಲ, ಗಂಜಿಯಲ್ಲೇ ದಿನ ದೂಡಿದೆ. ಮೂರೂವರೆ ತಿಂಗಳು ಮೂಳೆ ಕೂಡಿಕೊಳ್ಳಲು ಕಾದು, ಜುಲೈನಲ್ಲಿ ಇಂಪ್ಲಾಂಟುಗಳ ಮೇಲೆ ಗುಂಡು ತಲೆಯ ಕೊಂಡಿಗಳನ್ನು ತಿರುಗಿಸಿ ಬಿಗಿದರು. ಹಳೆಯ ಸೆಟ್ಟನ್ನೇ ಒಳಗಡೆಯಿಂದ ಕೊರೆದು ಅದಕ್ಕೆ ತಕ್ಕ ಬಟ್ಟಲುಗಳನ್ನೂ ರಬ್ಬರ್ ಉಂಗುರಗಳನ್ನೂ ಕೂರಿಸಿದರು. ಹೊಸ ಸೆಟ್ಟಿನ ಖರ್ಚು ಬರಲಿಲ್ಲ. ಎಲ್ಲ ಸೇರಿ ಅರವತ್ತೆರಡು ಸಾವಿರ ಆಯಿತು. ಸೆಟ್ಟನ್ನು ಇಟ್ಟು ಎರಡು ಹೆಬ್ಬೆರಳಿನಿಂದ ಒತ್ತಿದಾಗ ‘ಟಕ್’ ಎಂದು ಕೂತ ಸದ್ದು ದವಡೆಯ ಮೂಲಕ ಕಿವಿಯವರೆಗೆ ಕೇಳಿಸಿತು. ಅಂದು ಮನೆಗೆ ಬಂದು ಚಪಾತಿ ಕೇಳಿ ತಿಂದೆ.

ಈ ಕ್ರಮಕ್ಕೆ ಮಿತಿಗಳಿವೆ, ಅವನ್ನು ಮುಚ್ಚಿಡಲಾರೆ. ಇದು ಕದಲದ ಹಲ್ಲಲ್ಲ. ಹಿಂದಿನ ಭಾಗ ಈಗಲೂ ವಸಡಿನ ಮೇಲೆಯೇ ಕೂರುತ್ತದೆ, ಗಟ್ಟಿಯಾದದ್ದನ್ನು ಒಂದೇ ಕಡೆ ಕಡಿದರೆ ಸ್ವಲ್ಪ ಆಡುತ್ತದೆ. ಕಬ್ಬು ಸಾಧ್ಯವಿಲ್ಲ, ಕೋಡುಬಳೆಯನ್ನು ಮುರಿದು ಹಿಂದಿನ ಹಲ್ಲಿಗೆ ಕೊಡಬೇಕು. ಎರಡು ಸೆಟ್ಟನ್ನೂ ರಾತ್ರಿ ತೆಗೆದು ನೀರಿನಲ್ಲಿಡಬೇಕು. ತೆಗೆಯದೆ ಮಲಗುವ ಅಭ್ಯಾಸವುಳ್ಳವರು ಒಂದು ಮಾತು ತಿಳಿದಿರಬೇಕು: ಅಂಗುಳದ ಮೇಲೆ ಶಿಲೀಂಧ್ರ ಬೆಳೆದು ಕೆಂಪಾಗುವುದಷ್ಟೇ ಅಲ್ಲ, ಎಂಬತ್ತೈದು ದಾಟಿದ ಹಿರಿಯರ ಮೇಲೆ ಜಪಾನಿನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸೆಟ್ಟು ಹಾಕಿಕೊಂಡೇ ಮಲಗುವವರಿಗೆ ನ್ಯುಮೋನಿಯಾದ ಅಪಾಯ ಎರಡು ಪಟ್ಟಿಗಿಂತ ಹೆಚ್ಚಿರುವುದು ಕಂಡುಬಂದಿತ್ತು. ಕುದಿಯುವ ನೀರು ಹಾಕಿದರೆ ಅಕ್ರಿಲಿಕ್ ಸೊಟ್ಟಗಾಗುತ್ತದೆ, ಟೂತ್‌ಪೇಸ್ಟಿನಿಂದ ಉಜ್ಜಿದರೆ ಗೀರು ಬೀಳುತ್ತದೆ. ನಾನು ಬರಿಯ ಸೋಪು, ಮೆತ್ತನೆಯ ಬ್ರಷ್ ಬಳಸುತ್ತೇನೆ.

ಒಂದೆರಡು ಹಲ್ಲು ಮಾತ್ರ ಹೋಗಿದ್ದರೆ ಲೆಕ್ಕ ಬದಲಾಗುತ್ತದೆ. ನನ್ನ ಹೆಂಡತಿಗೆ ಕೆಳಗಿನ ಒಂದು ದವಡೆಹಲ್ಲು ಹೋಗಿತ್ತು. ಅಕ್ಕಪಕ್ಕದ ಹಲ್ಲುಗಳ ಆಸರೆಯಲ್ಲಿ ಕೂರುವ ಕೃತಕ ಹಲ್ಲನ್ನು, ಅಂದರೆ ಬ್ರಿಡ್ಜ್, ಹಾಕಿದರೆ ಆ ಎರಡು ಆರೋಗ್ಯವಂತ ಹಲ್ಲುಗಳನ್ನು ಉಜ್ಜಿ ಸಣ್ಣದು ಮಾಡಬೇಕು. ಅಲ್ಲಿ ಒಂಟಿ ಇಂಪ್ಲಾಂಟೇ ನ್ಯಾಯವಾದದ್ದು ಎಂದು ನನ್ನ ಅಭಿಪ್ರಾಯ. ಆದರೆ ಅವಳು ಮೂಳೆ ಸವೆತಕ್ಕೆ ಅಲೆಂಡ್ರೋನೇಟ್ ಮಾತ್ರೆಯನ್ನು ಆರು ವರ್ಷದಿಂದ ತೆಗೆದುಕೊಳ್ಳುತ್ತಿದ್ದಳು. ಆ ಗುಂಪಿನ ಔಷಧ ಬಳಸುವವರಲ್ಲಿ ದವಡೆಯ ಶಸ್ತ್ರಚಿಕಿತ್ಸೆಯ ನಂತರ ಗಾಯ ಮಾಯದೆ ಮೂಳೆಯೇ ಸಾಯುವ ತೊಂದರೆ, ಅಪರೂಪಕ್ಕಾದರೂ, ಬರುವುದುಂಟು. ವೈದ್ಯರು ಅದನ್ನು ತಾವಾಗಿಯೇ ಕೇಳಿ ತಿಳಿದು, ಇಂಪ್ಲಾಂಟ್ ಬೇಡವೆಂದರು. ಅವಳಿಗೆ ಬ್ರಿಡ್ಜ್ ಹಾಕಿದರು, ಚೆನ್ನಾಗಿದೆ. ತಲೆ ಮತ್ತು ಕುತ್ತಿಗೆಗೆ ವಿಕಿರಣ ಚಿಕಿತ್ಸೆ ಪಡೆದವರು, ಬೀಡಿ ಸಿಗರೇಟು ಬಿಡಲಾಗದವರು, ಸಕ್ಕರೆ ಹಿಡಿತದಲ್ಲಿಲ್ಲದವರು ಇಂಪ್ಲಾಂಟಿನ ಬಗ್ಗೆ ಎರಡು ಸಲ ಯೋಚಿಸಬೇಕು. ರಕ್ತ ತೆಳುವಾಗಿಸುವ ಮಾತ್ರೆಯನ್ನು ಹೃದಯದ ವೈದ್ಯರನ್ನು ಕೇಳದೆ ನಿಲ್ಲಿಸಲೇಬಾರದು. ವಯಸ್ಸು ಮಾತ್ರ ಅಡ್ಡಿಯಲ್ಲ. ನನ್ನ ಪಕ್ಕದ ಕುರ್ಚಿಯಲ್ಲಿ ಕೂತವರಿಗೆ ಎಪ್ಪತ್ತೊಂಬತ್ತು.

ಯಾವ ಕಂಪನಿಯ ಇಂಪ್ಲಾಂಟ್ ಎಂದು ಕೇಳಿ ಬರೆಸಿಕೊಳ್ಳಬೇಕು. ಸ್ವಿಟ್ಜರ್ಲೆಂಡಿನ ಸ್ಟ್ರೌಮನ್, ದಕ್ಷಿಣ ಕೊರಿಯಾದ ಆಸ್ಟೆಮ್ ಮೊದಲಾದವು ನಮ್ಮಲ್ಲಿ ಸಿಗುತ್ತವೆ, ಬೆಲೆಯಲ್ಲಿ ವ್ಯತ್ಯಾಸವಿದೆ. ಹತ್ತು ವರ್ಷದ ಮೇಲೆ ಒಂದು ಕೊಂಡಿ ಮುರಿದರೆ, ಅಳತೆಗೂ ಕಂಪನಿಗೂ ಹೊಂದುವ ಬಿಡಿಭಾಗವೇ ಬೇಕಾಗುತ್ತದೆ, ಆಗ ನಮ್ಮ ವೈದ್ಯರು ಊರಲ್ಲಿರದಿರಬಹುದು. ನನಗೆ ಕೊಟ್ಟ ಚೀಟಿಯಲ್ಲಿ ಕಂಪನಿ, ಅಳತೆ, ತಯಾರಿಕೆಯ ಸಂಖ್ಯೆ ಇವೆ. ಅದನ್ನು ಆಧಾರ್ ಕಾರ್ಡಿನ ಜೊತೆಯಲ್ಲೇ ಇಟ್ಟಿದ್ದೇನೆ. ಸಾಮಾನ್ಯ ಆರೋಗ್ಯ ವಿಮೆಯಲ್ಲಿ, ಅಪಘಾತದಿಂದಾದದ್ದನ್ನು ಬಿಟ್ಟರೆ, ಹಲ್ಲು ಕಟ್ಟಿಸುವ ಖರ್ಚು ಬಹುತೇಕ ಬರುವುದಿಲ್ಲ ಎಂಬುದನ್ನೂ ಮೊದಲೇ ತಿಳಿದಿರಬೇಕು.

ಹಣದ ಅಡಚಣೆ ಇರುವವರು ಹಲ್ಲಿಲ್ಲದೆ ಉಳಿಯಬೇಕಾಗಿಲ್ಲ. ವಿಕ್ಟೋರಿಯಾ ಆಸ್ಪತ್ರೆಯ ಬಳಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಇದೆ, ನಗರದಲ್ಲಿ ಖಾಸಗಿ ದಂತ ಕಾಲೇಜುಗಳೂ ಹಲವಾರಿವೆ. ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತ ಪೂರ್ಣ ಸೆಟ್ಟು ಕೊಡಲೆಂದು ರಾಜ್ಯ ಸರ್ಕಾರ ‘ದಂತಭಾಗ್ಯ’ ಎಂಬ ಯೋಜನೆಯನ್ನೇ ತಂದಿತ್ತು. ಕಾಲೇಜಿಗೆ ಹೋಗುವವರು ಪಡಿತರ ಚೀಟಿ ಒಯ್ದು ಅದರ ಬಗ್ಗೆ ವಿಚಾರಿಸಬೇಕು. ಮೇಲಿನ ದವಡೆಗಂತೂ ಚೆನ್ನಾಗಿ ಮಾಡಿದ ಒಂದು ಸೆಟ್ಟಿನಿಂದ ಊಟಕ್ಕೂ ಮಾತಿಗೂ ಆಗುವ ಉಪಕಾರ ದೊಡ್ಡದು. ಕೆಳಗಿನದಕ್ಕೆ, ಮೊದಲು ಸೆಟ್ಟು ಮಾಡಿಸಿಕೊಂಡು ಆರು ತಿಂಗಳು ಬಳಸಿ ನೋಡಿ, ಆಗಲೂ ಕಷ್ಟವಾದರೆ ಎರಡು ಇಂಪ್ಲಾಂಟ್ ಸೇರಿಸಿಕೊಳ್ಳುವ ದಾರಿ ತೆರೆದೇ ಇರುತ್ತದೆ.

ಇಲ್ಲಿಯವರೆಗಿನ ದುರಸ್ತಿಯ ಲೆಕ್ಕ ಇಷ್ಟು: ಕೆಳಗಿನ ಸೆಟ್ಟಿನ ರಬ್ಬರ್ ಉಂಗುರಗಳು ವರ್ಷಕ್ಕೊಮ್ಮೆ ಸಡಿಲವಾಗುತ್ತವೆ, ಬದಲಿಸಲು ಜೋಡಿಗೆ ಒಂದು ಸಾವಿರದ ಇನ್ನೂರು ರೂಪಾಯಿ, ಹದಿನೈದು ನಿಮಿಷದ ಕೆಲಸ. ಮೇಲಿನ ಸೆಟ್ಟಿಗೆ ಒಂದು ಸಲ ಒಳಪದರ ಹಾಕಿಸಿದ್ದೇನೆ, ಮೂಳೆ ಸ್ವಲ್ಪ ಇಳಿದಿತ್ತು. ಇಂಪ್ಲಾಂಟಿನ ಸುತ್ತ ಪಾಚಿ ಕಟ್ಟಿದರೆ, ಹಲ್ಲಿಗೆ ಬಂದ ರೋಗವೇ ಅದರ ಮೂಳೆಗೂ ಬರುತ್ತದೆ; ಅದಕ್ಕಾಗಿ ರಾತ್ರಿ ಸೆಟ್ಟು ತೆಗೆದ ಮೇಲೆ ಕನ್ನಡಿಯ ಮುಂದೆ ನಿಂತು, ಆ ಎರಡು ಗುಂಡುಗಳ ಬುಡವನ್ನು ಸಣ್ಣ ಬ್ರಷ್ಷಿನಿಂದ ಸುತ್ತ ಉಜ್ಜುತ್ತೇನೆ. ಆರು ತಿಂಗಳಿಗೊಮ್ಮೆ ಕಾಲೇಜಿಗೆ ಹೋಗಿ ತೋರಿಸುತ್ತೇನೆ. ಕಳೆದ ಸಲದ ಎಕ್ಸ್‌ರೇಯಲ್ಲಿ ಎರಡರ ಸುತ್ತಲೂ ಮೂಳೆ ಹಾಕಿದ ದಿನ ಇದ್ದಷ್ಟೇ ಎತ್ತರಕ್ಕಿತ್ತು.